ಬಲಗೈ

ಅರೇಹಳ್ಳಿ ದಾಟಿದ ಮೇಲೆ ಸಿಗುವ ಸಣ್ಣ ಚರ್ಚು.
ಗೂಡಿನಲ್ಲಿ ನಿಂತ ಬಿಷಪ್ಪನ ಬಲಗೈ ಗೆದ್ದಲಿಗೆ ಹೋಗಿತ್ತು,
ಪೀಠದ ಮೇಲಿನ ಹೆಸರೂ.
'ಸಾವಿರದ ಮುನ್ನೂರು ವರ್ಷದ ಹಿಂದಿನವರು,
ಹಬ್ಬದೊಳಗೆ ಆಗಬೇಕು' ಅಂದರು ಉಪದೇಶಿ ಇನಾಸಪ್ಪ,
ಎರಡನ್ನೂ ಒಂದೇ ಉಸಿರಲ್ಲಿ.

ನಾನು ಬೇಲೂರಿನ ಬಡಗಿ.
ಅಭಯ ಗೊತ್ತು, ವರದ ಗೊತ್ತು,
ಸೊಂಟದ ಮೇಲಿಟ್ಟ ಕೈ ಗೊತ್ತು.
ಇವರ ಕೈಯಲ್ಲಿ ಏನಿತ್ತು?

ಬೀಗದ ಕೈ, ಅಂದರು ಒಬ್ಬರು. ಪುಸ್ತಕ, ಇನ್ನೊಬ್ಬರು.
ಮೀನೇ ಇದ್ದದ್ದು ಎಂದು ಕಾಫಿ ಕಣದ ಹುಡುಗನ ಹಟ.

ಆರೋಗ್ಯಮ್ಮ ಮೇಣದ ಹನಿ ಕೆರೆಯುತ್ತ ಹೇಳಿದಳು:
ಕರೆಯಲು ಬಂದಾಗ ಉಳುತ್ತಿದ್ದನಂತೆ.
ಸಾಲು ಮುಗಿಸಿ ಬರ್ತೀನಿ, ಅಂದನಂತೆ.
ಅವರು ಕಿರೀಟ ಹಿಡಿದು ಬದುವಿನ ಮೇಲೆ ಕಾದರಂತೆ.
ಆಮೇಲೆ ಯುದ್ಧ. ಸೆರೆಸಿಕ್ಕವರ ಬಿಡಿಸಲು
ಬೆಳ್ಳಿಯ ಬಟ್ಟಲನ್ನೇ ಮಾರಿ
ಮಣ್ಣಿನ ಕುಡಿಕೆಯಲ್ಲಿ ಪೂಜೆ ಮಾಡಿದನಂತೆ.
'ದೇವರು ಏನಂದ?' ಕೇಳಿದೆ.
'ಏನಂತಾನೆ? ಕುಡಿದ.'

ಹಲಸಿನ ತುಂಡು ತಂದೆ. ಮೈ ಸಮುದ್ರದಾಚೆಯದು,
ಕೈ ಇಲ್ಲಿಯದು, ಹಳದಿ.
ಏನೂ ಹಿಡಿಸಲಿಲ್ಲ. ಬೆರಳು ಕೊಂಚ ಬಾಗಿಸಿದೆ,
ಈಗಷ್ಟೇ ಕೊಟ್ಟುಬಿಟ್ಟ ಹಾಗೆ.
ಅಂಗೈಯ ಬುಡದಲ್ಲಿ, ಮೇಳಿ ಒತ್ತುವ ಕಡೆ,
ಒಂದು ಜಡ್ಡು ಉಳಿಸಿದೆ.

ಬಣ್ಣ ಒಣಗಿದ ಮೇಲೆ ಇನಾಸಪ್ಪ ಸವರಿ ನೋಡಿದರು.
'ಉಪ್ಪುಕಾಗದ ಹಾಕೋದು ಮರೆತೆಯಾ?'
ಮರದ ಗಂಟು ಸ್ವಾಮಿ, ಅಂದೆ. ಹೋಗಲ್ಲ.

ಹಬ್ಬದ ದಿನ ಎಲ್ಲರೂ ಮುಟ್ಟಿ ಮುಟ್ಟಿ ಮುಂದೆ ಹೋದರು.
ಆರೋಗ್ಯಮ್ಮನ ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು.
ನನ್ನ ಕಡೆ ನೋಡಲಿಲ್ಲ.
ಕೂಲಿಯಲ್ಲಿ ಇನ್ನೂ ನಾನೂರು ಬಾಕಿ ಇದೆ.