ಕೊಂಡಿಯ ತೂಕ

ಮನೆ ಮೊದಲು ಬಂತು, ಎಳೆಯುವುದು ಆಮೇಲೆ.
ಹದಿನಾಲ್ಕು ತಿಂಗಳ ಭಾನುವಾರಗಳನ್ನು ಬೆಸೆದು
ವರದ ಕಟ್ಟಿದ ಎರಡು ಚಕ್ರದ ಮನೆ
ಕಾಮಾಕ್ಷಿಪಾಳ್ಯದ ನಮ್ಮ ಕಾಂಪೌಂಡಿಗೆ ಒರಗಿ
ಇಟ್ಟಿಗೆಗಳ ಮೇಲೆ ಮೂಗೂರಿ ನಿಂತಿತ್ತು.
ಟೀ ಅಂಗಡೀನಾ? ಇಸ್ತ್ರಿ ಅಂಗಡೀನಾ?
ಎರಡೂ ಅಲ್ಲವೆಂದರೆ ಬೀದಿ ನಂಬಲಿಲ್ಲ.
ಬೆಕ್ಕೊಂದು ಅದರಡಿ ಮರಿ ಹಾಕಿ, ಮರಿಗಳು ಬಲಿತು
ಹೊರಟೂ ಹೋದವು.
ಮನೆ ಅಲ್ಲೇ.

ಆಮೇಲೆ ಶನಿವಾರಗಳು ವ್ಯಾನಿಗೆ.
ಕಲಾಸಿಪಾಳ್ಯದ ಹಿಂದೆ, ಲಾಲ್‌ಬಾಗ್ ರಸ್ತೆಯ ಬದಿ,
ಕೈಯಿಂದ ಕೈಗೆ ದಾಟಿ ದಣಿದ ಗಾಡಿಗಳು.
ಅಡಿಗೆ ಕಾಂಟ್ರಾಕ್ಟರನದು: ಬಾಗಿಲು ತೆರೆದರೆ ಸಾರಿನ ಘಮ,
ಉಪ್ಪು ತಿಂದ ತಳ ನೀರೂ ಕುಡಿದಿತ್ತು,
ತೂತಿನಲ್ಲಿ ರಸ್ತೆ ಕಂಡಿತು.
ನಿವೃತ್ತ ಆಂಬುಲೆನ್ಸು: ಎಂಜಿನ್ ಗುಂಡುಕಲ್ಲು.
ಗಿರಿಜತ್ತೆ ಒಳಗಿಣುಕಿ ಸೆರಗು ಮುದುರಿಕೊಂಡರು:
"ಮಲಗಿಕೊಂಡು ಒಂದು ಸಲ ಹೋಗೋದು ಇದ್ದೇ ಇದೆ,
ಕೂತ್ಕೊಂಡು ಬೇರೆ ಹೋಗಬೇಕಾ?"

ಬ್ರೋಕರ್ ಧನಪಾಲನ ಪ್ರಕಾರ ಎಲ್ಲವೂ ಎಳೆಯುತ್ತವೆ.
"ಬೆಟ್ಟ ಕಟ್ಟಿ ಮೇಡಂ, ಬೆಟ್ಟ ಎಳೆಯುತ್ತೆ."

ಪೆನ್ಷನ್ ಮೊಹಲ್ಲಾದ ಇನಾಯತ್ ಸಾಬರು
ಗಾಡಿಯಡಿಯಿಂದ ಬೆನ್ನಲ್ಲೇ ತೆವಳಿ ಹೊರಬಂದು
ಕೈ ಒರೆಸಿಕೊಂಡೇ ಇದ್ದರು, ತುಂಬ ಹೊತ್ತು.
"ಎಳೆಯೋದಕ್ಕೆ ಮಾರೋನು ಗ್ಯಾರಂಟಿ ಕೊಡ್ತಾನಮ್ಮ.
ಇಳಿಜಾರಲ್ಲಿ ನೀವು ಬ್ರೇಕ್ ತುಳೀತೀರಿ, ವ್ಯಾನು ಕೇಳುತ್ತೆ.
ಹಿಂದೆ ಬರ್ತಿರೋ ಮನೆಗೆ ಯಾರು ಹೇಳ್ತಾರೆ, ನಿಲ್ಲು ಅಂತ?"

ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿ
ಮನೆಯನ್ನು ಪೀಣ್ಯದ ವೇಬ್ರಿಜ್ಜಿಗೆ ಹತ್ತಿಸಿದೆವು.
ಖಾಲಿಯಲ್ಲ, ಹೊರಡುವ ದಿನದ ಹಾಗೆ ತುಂಬಿ:
ನೀರಿನ ಡ್ರಮ್ಮು, ಸಿಲಿಂಡರು, ನಾಲ್ಕು ಹಾಸಿಗೆ,
ಅತ್ತೆಯ ಒರಳು.
"ಮಿಕ್ಸಿ ಇದೆಯಲ್ಲ ಅತ್ತೆ?"
"ಕಾಡಲ್ಲಿ ಕರೆಂಟು ನಿಮ್ಮಪ್ಪ ಎಳೆಸಿರ್ತಾನಾ?"
ಚೀಟಿ ಬಂತು. ಸಾವಿರದ ನೂರಾ ನಲವತ್ತು ಕೆ.ಜಿ.
ಸಂಸಾರದ ತೂಕವನ್ನು ಅಂಕಿಯಲ್ಲಿ ಕಂಡದ್ದು ಅದೇ ಮೊದಲು.
ಇನ್ನೂ ಹೆಚ್ಚು ಎಂದುಕೊಂಡಿದ್ದೆ.

ಗುಜರಿ ಅಂಗಡಿಯ ತಕ್ಕಡಿ ತಂದು ಕೊಂಡಿಯ ಕೆಳಗಿಟ್ಟರೆ
ಮುಳ್ಳು ಮೂವತ್ತೈದಕ್ಕೇ ನಿಂತಿತು.
ಸಾಬರು ನಕ್ಕರು. "ಹತ್ತರಲ್ಲೊಂದು ಪಾಲು ಮೂಗಿನ ಮೇಲಿರಬೇಕು.
ನಮ್ಮ ತಾತ ಜಟಕಾ ಹೊಡೀತಿದ್ರು, ಮಾರ್ಕೆಟ್ಟಿಂದ ದಂಡಿಗೆ.
ಭಾರ ಹಿಂದಾದರೆ ಮೂಕಿ ಮೇಲೇಳುತ್ತೆ,
ಹೊಟ್ಟೆಪಟ್ಟಿ ಕುದುರೇನ ಹಿಚುಕುತ್ತೆ.
ಮುಂದೆ ಬನ್ನಿ ಸ್ವಾಮಿ, ಒಂಚೂರು ಮುಂದೆ ಬನ್ನಿ ತಾಯಿ,
ಸಾಯೋ ದಿನಾನೂ ಅದನ್ನೇ ಕನವರಿಸ್ತಿದ್ರು."
ಹಿಂದಿನ ಮೂಲೆಯ ಒರಳನ್ನು ಮೂವರು ಹಿಡಿದು
ಮುಂದಿನ ಗೋಡೆಗೆ ಆನಿಸಿದೆವು. ಡ್ರಮ್ಮನ್ನೂ.
ಮುಳ್ಳು ನೂರು ದಾಟಿತು.
ಅತ್ತೆ ನನ್ನ ಕಡೆ ನೋಡಿದ ರೀತಿ! ಒರಳು ಗೆದ್ದಿತ್ತು.

ಕೊನೆಗೆ ಸಿಕ್ಕಿದ್ದು ನಾಗರಭಾವಿಯ ಹಳೇ ಶಾಲಾ ವ್ಯಾನು.
ಅಂದವಿಲ್ಲ. ಏರಿನಲ್ಲಿ ಗೊಣಗುತ್ತದೆ.
ಬಣ್ಣ ಬಳಿದರೂ ಬೆನ್ನ ಮೇಲೆ ಮಸುಕಾಗಿ
"ಮಕ್ಕಳಿದ್ದಾರೆ ನಿಧಾನ".
ಇಬ್ಬನಿ ಸೀಟಿನ ಸಂದಿಯಲ್ಲಿ ಕೈಹಾಕಿ
ಯಾರದೋ ರಬ್ಬರು, ಒಣಗಿದ ಚಕ್ಕುಲಿಯ ಚೂರು ತೆಗೆದಳು.
ಸಾಬರು ಡ್ಯಾಶ್‌ಬೋರ್ಡಿನ ಮೇಲೆ ಟೀ ಲೋಟ ಇಟ್ಟು
ಮೂರು ಸಲ ಬ್ರೇಕ್ ಹಾಕಿದರು.
ಮೂರನೆಯ ಸಲ ಒಂದು ಹನಿ ಚೆಲ್ಲಿತು.
"ಇದು ದಿನಾ ನಲವತ್ತು ಗೇಟಿನ ಮುಂದೆ ನಿಂತಿರೋ ಗಾಡಿ," ಎಂದರು.
ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದೆ.

ಮೊದಲ ಪಯಣ ಸುಮನಹಳ್ಳಿ ಸೇತುವೆಯವರೆಗೆ, ಅಷ್ಟೆ.
ಅದಕ್ಕೂ ಮೊದಲು ಓಣಿಯಿಂದ ಹಿಂದಕ್ಕೆ ತೆಗೆಯಬೇಕು.
ವರದ ಎಡಕ್ಕೆ ತಿರುಗಿಸಿದರೆ ಮನೆ ಬಲಕ್ಕೆ.
ಇಸ್ತ್ರಿಯವನು ಬರಲಿ ಬರಲಿ ಎನ್ನುತ್ತಾನೆ,
ಮಹಡಿಯಿಂದ ಯಾರೋ ಹೋಲ್ಡಾನ್ ಎನ್ನುತ್ತಾರೆ,
ಬೆಕ್ಕು ಗೋಡೆ ಹತ್ತಿ ಕೂತಿದೆ.
ಮುಕ್ಕಾಲು ಗಂಟೆ.

ಸೇತುವೆಯ ಏರಿನಲ್ಲಿ ವ್ಯಾನು ಗೊಣಗಿತು,
ಹಿಂದಿನಿಂದ ಯಾರೋ ತೋಳು ಹಿಡಿದು ಜಗ್ಗಿದ ಹಾಗಾಯಿತು.
ಕನ್ನಡಿಯಲ್ಲಿ ನೋಡಿದೆ:
ಗಿರಿಜತ್ತೆ, ಉಸಿರು ಬಿಗಿಹಿಡಿದು,
ಯಾರೂ ಹೇಳದೆಯೇ,
ಸೀಟಿನಲ್ಲಿ ಒಂಚೂರು ಮುಂದೆ ಸರಿದು ಕೂತರು.