ಮಾಗಿಗೆ ಮುಂಚೆ

ಕಂದವಾ ಊರಿನ ಇಳಿಜಾರಿನಲ್ಲಿ, ಅಬವಾ ಹೊಳೆ ಕಾಣುವ ಕಡೆಗೆ,
ಆರು ಬಳ್ಳಿ. ಒಂದಕ್ಕೂ ಬೀಜವಿಲ್ಲ.
ಲಾಟ್ವಿಯಾದಲ್ಲಿ ದ್ರಾಕ್ಷಿಯೇ ಎಂದು ನಕ್ಕವರು
ಆಗಸ್ಟಿನಲ್ಲಿ ಬೇಲಿಗೆ ಆತು ನಿಲ್ಲುತ್ತಾರೆ
ಹವೆಯ ಮಾತಾಡುತ್ತ, ಕಣ್ಣು ಗೊಂಚಲ ಮೇಲಿಟ್ಟು.

ನಾನು ಇಲ್ಗ್‌ವಾರ್ಸ್. ಮೂವತ್ತೊಂದು ವರ್ಷ ರೈಲ್ವೆಯಲ್ಲಿ
ಕೈಮರ ಎತ್ತಿ ಇಳಿಸಿದವನು.
ತಡ ಎಂದರೆ ನನಗೆ ನಿಮಿಷಗಳ ಲೆಕ್ಕ.
ಈಗಲೂ ಅದೇ ಗೆರೆ ಹಾಕಿದ ಪುಸ್ತಕ:
ಚಿಗುರಿದ ದಿನ, ಹೂ ಕಟ್ಟಿದ ದಿನ,
ನಾಲಿಗೆ ಹುಳಿಯ ದೂರು ನಿಲ್ಲಿಸಿದ ದಿನ.

ಮೊದಲ ಗಾಡಿ ಸಾಮರ್‌ಸೆಟ್. ಆಗಸ್ಟ್ ಇಪ್ಪತ್ತು,
ಬಿಳಿ ಕೊಕ್ಕರೆಗಳು ಹೊರಡುವ ಹಿಂದಿನ ದಿನವೋ ಮಾರನೆಯ ದಿನವೋ.
ಹಣ್ಣು ಸಣ್ಣದು, ಕೂಸಿನ ಅಂಗಿಯ ಗುಂಡಿಯಷ್ಟು, ನಸುಗೆಂಪು;
ಕಟ್ಟಿಗೆ ಮಾತ್ರ ಮೈನಸ್ ಮೂವತ್ತರ ರಾತ್ರಿಗೂ
ಹೊದಿಕೆ ಕೇಳುವುದಿಲ್ಲ.
ರಿಲಯನ್ಸ್ ಕೂಡ ಗಟ್ಟಿ ಆಳು, ಆದರೆ
ಒಂದು ಮಳೆಗೇ ಸಿಪ್ಪೆ ಸೀಳಿಕೊಳ್ಳುತ್ತದೆ.
ಕೆನಡೈಸ್ ಗೊಂಚಲು ಬೆಳಗಿನ ಬೋಗಿಯಂತೆ ಒತ್ತೊತ್ತು,
ನಡುವೆ ನಿಂತವನು ಕೊಳೆತರೂ ಬಾಗಿಲಲ್ಲಿದ್ದವನಿಗೆ ತಿಳಿಯದು.

ಉಳಿದ ಮೂರು ಒಡಹುಟ್ಟಿದವು:
ಇಂಟರ್‌ಲೇಕನ್, ಹಿಮ್ರಾಡ್, ರೊಮುಲಸ್.
ಒಂದೇ ತಂದೆ, ಒಂದೇ ತಾಯಿ, ಅದೇ ಹಸಿರುಹಳದಿ.
ಹಿಮ್ರಾಡ್‌ಗೆ ಬೆಳೆಯುವ ಹುಚ್ಚು. ಜೂನ್‌ನಲ್ಲಿ ಅಳೆದೆ,
ವಾರಕ್ಕೊಂದು ಮೊಳ; ತಂತಿ ದಾಟಿ, ಸೇಬಿನ ಮರದ ತೋಳು ಹಿಡಿದು,
ಸೆಪ್ಟೆಂಬರ್ ಐದಕ್ಕೆ ಜೇನು.
ಇಂಟರ್‌ಲೇಕನ್ ಅದಕ್ಕೂ ವಾರ ಮುಂಚೆ, ಎನ್ನುತ್ತದೆ ಕ್ಯಾಟಲಾಗು.
ನನ್ನದು ಬರಲಿಲ್ಲ.

ಕಾಯಿ, ಎಂದು ಬರೆದೆ. ಮರುವಾರ, ಇನ್ನೂ ಕಾಯಿ.
ಏಳು ವರ್ಷ. ಕೆಂಪು ಶಾಯಿಯಲ್ಲಿ:
ತಡ. ಹುಳಿ. ನಂಬಬಾರದ ತಳಿ.
ಪಕ್ಕದ ರೊಮುಲಸ್‌ಗೆ ಅದೇ ಏಳು ವರ್ಷ ಶಾಭಾಸ್:
'ಕೊನೆಯ ಗಾಡಿ ಅಂದಿದ್ದರು; ಆಗಸ್ಟಿನಲ್ಲೇ ಬಂತು, ಪಾಪ, ಎಷ್ಟು ಶ್ರದ್ಧೆ.'

ಕಳೆದ ವಾರ ಟಾಲ್ಸಿಯಿಂದ ಗುಂಡಾರ್ಸ್ ಬಂದ,
ಬಳ್ಳಿಗಳ ಜಾತಕ ಬಲ್ಲವನು.
ಇಲ್ಲೊಂದು ಹಣ್ಣು, ಅಲ್ಲೊಂದು ಕಾಯಿ, ಕಣ್ಣು ಮುಚ್ಚಿ ಅಗಿದ.
ಬೀಜವಿಲ್ಲ ಅಂತಾರೆ, ಎಂದ,
ಹಲ್ಲಿಗೆ ಒಂದು ಮೆತ್ತನೆ ಚುಕ್ಕಿ ಸಿಗುತ್ತಲ್ಲ,
ಅದು ಬೀಜವಾಗಲು ಹೊರಟು ದಾರಿಯಲ್ಲೇ ಕೂತದ್ದು.
ಆಮೇಲೆ ಮೊಳದುದ್ದದ ಆ ಹಸಿರು ಗೊಂಚಲನ್ನು
ಅಂಗೈಯಲ್ಲಿ ತೂಗಿ ಕೇಳಿದ:
'ಚೀಟಿ ಕಟ್ಟಿದ್ದು ಯಾರು?'

ವೆಲ್ಟಾ. ನನ್ನ ಅಕ್ಕ.
ಆ ಏಪ್ರಿಲಿನ ಜಡಿಮಳೆಯಲ್ಲಿ ನಾನು ಗುಂಡಿ ತೋಡಿದೆ,
ಅವಳು ತಗಡಿನ ಚೀಟಿ ಕಟ್ಟಿದಳು,
ಕನ್ನಡಕ ಅಡುಗೆಮನೆಯಲ್ಲಿ ಮರೆತು.
ಫೋನ್ ಮಾಡಿದರೆ ನಕ್ಕೇ ನಕ್ಕಳು:
'ಗೊತ್ತಾಗೋಕೆ ಏಳು ವರ್ಷ ಬೇಕಾಯ್ತಾ?
ನೀನು ಹುಟ್ಟಿದ್ದೂ ಹತ್ತು ದಿನ ತಡ ಕಣೋ,
ಅಮ್ಮ ಎಲ್ಲೂ ಬರೆದಿಡಲಿಲ್ಲ.'

ರಾತ್ರಿ ಪುಸ್ತಕ ಬಿಚ್ಚಿ ಕೂತೆ.
ಹೊಡೆದುಹಾಕಲು ಕೈ ಬರಲಿಲ್ಲ. ದಿನಾಂಕ ಸುಳ್ಳಲ್ಲ.
ಗಾಡಿ ತನ್ನ ಹೊತ್ತಿಗೇ ಓಡುತ್ತಿತ್ತು;
ನಾನು ಇನ್ನೊಂದು ಗಾಡಿಯ ವೇಳಾಪಟ್ಟಿ ಹಿಡಿದು
ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೈಯುತ್ತಿದ್ದೆ.

ಇವತ್ತು ಅಕ್ಟೋಬರ್ ಎಂಟು. ಹುಲ್ಲು ಬೆಳ್ಳಗೆ ಗರಿಗರಿ.
ಎಲೆ ಉದುರಿದ ಮೇಲೆ ರೊಮುಲಸ್‌ನ ಒಂದು ಕಡ್ಡಿ,
ಮೂರು ಕಣ್ಣಿನದು, ಕತ್ತರಿಸಿ ನೆಲಮಾಳಿಗೆಯ ಮರಳಲ್ಲಿ ಹೂಳುತ್ತೇನೆ.
ತಾಯಿಬಳ್ಳಿಗೆ ಸ್ಪ್ರೂಸ್ ಕೊಂಬೆಗಳ ಹೊದಿಕೆ.
ಮೇ ತಿಂಗಳಲ್ಲಿ ಕಡ್ಡಿಗೆ ಹೊಸ ಜಾಗ:
ಹಬೆಸ್ನಾನದ ಮನೆಯ ತೆಂಕಣ ಗೋಡೆ, ಹೊಗೆಗೂಡಿನ ಬೆನ್ನು.
ಇಟ್ಟಿಗೆ ಹಗಲೆಲ್ಲ ಕಾಯುತ್ತದೆ,
ಶನಿವಾರ ಒಲೆ ಹಚ್ಚಿದರೆ ರಾತ್ರಿಯೂ ಕಾಯುತ್ತದೆ.
ಕಾಯಿಯೂ ಕಾಯಲಿ.
ಮಾಗಿ ಬರುವುದರೊಳಗೆ
ಮಾಗಿ ಬರಲಿ.

ಬರದಿದ್ದರೆ ಹುಳಿಗಾಯಿಯ ಜಾಮ್ ಮಾಡುತ್ತಾಳಂತೆ ವೆಲ್ಟಾ.
ಮಾಡಲಿ.
ಬಾಟಲಿಗೆ ಚೀಟಿ ನಾನೇ ಅಂಟಿಸುತ್ತೇನೆ.