ಎರಡನೇ ಸಲ ಕೇಳಿದ್ದು

ಆ ದೊಡ್ಡ ಕಾಲೇಜಿನಲ್ಲಿ
ಸ್ಕಾಲರ್‌ಶಿಪ್ ಪಟ್ಟಿ ಓದುವಾಗ
ನನ್ನ ಹೆಸರಿಗೆ ಬೆಂಚುಗಳೆಲ್ಲ ತಿರುಗುತ್ತಿದ್ದವು.
ಒಂದು ವರ್ಷ ಬಾಯಿ ಬಿಡಲಿಲ್ಲ.

ಮೂಡಿಗೆರೆಯ ಈ ಕಾಲೇಜು
ಮೊದಲು ಕಾಫಿ ಗೋದಾಮು.
ಕೆಮಿಸ್ಟ್ರಿ ಲ್ಯಾಬಿನ ಗೋಡೆಗೆ ಇನ್ನೂ ಮೂಟೆಯ ವಾಸನೆ;
ಅಪ್ಪ ಹೊತ್ತ ಮೂಟೆಯೂ ಇರಬಹುದು.
ವಾರಕ್ಕೊಂದು ದಿನದ ಕೂಲಿ ಎತ್ತಿಟ್ಟು
ಕೊಂಡವರು ನಮ್ಮ ಕೇರಿಯವರೇ,
ಎಸ್ಟೇಟಿನ ಲೈನುಮನೆಗಳವರೇ.

ಬರ್ನರ್ ಎರಡೇ. ಒಂದು ಕೆಮ್ಮುತ್ತದೆ.

ಹಾಲಮ್ಮ ಮೇಡಂ ಮೋಲ್ ಲೆಕ್ಕ ಬರೆದರು.
‘ತಿಳೀಲಿಲ್ಲ’ ಅಂದೆ.
ಮತ್ತೆ ಬರೆದರು.
‘ಈಗಲೂ ತಿಳೀಲಿಲ್ಲ.’

ಯಾರೂ ತಿರುಗಲಿಲ್ಲ.
ಹಿಂದಿನ ಬೆಂಚಿನ ಚೌಡೇಶ
‘ನಂಗೂ, ಮೇಡಂ’ ಅಂದ.

ಸೆರಗಿನಲ್ಲೇ ಬೋರ್ಡು ಒರೆಸಿ
ಮೊದಲಿನಿಂದ ಶುರು ಮಾಡಿದರು.
ಹೊರಗೆ ಕಡೇ ಬಸ್ಸು ಹಾರನ್ ಹೊಡೆಯಿತು.
‘ಹೊಡೀಲಿ ಬಿಡು’ ಅಂದರು.